‘ಡೆವಲಪ್‌ಮೆಂಟ್’: ಒಂದು ಮಾತು, ಹಲವು ಅರ್ಥ

(ಮಲೆನಾಡಿನ ಮತ್ತು ಬಯಲುಸೀಮೆಯ ಕಾರ್ಯಕರ್ತರು ಚಿಕ್ಕಬಳ್ಳಾಪುರದಲ್ಲಿ ಕಲೆತಿದ್ದ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹರೂಪ)



ಘಟ್ಟದ ಊರುಗಳಿಂದ ಬಂದಿರುವ ಗೆಳೆಯರಿಗೂ, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ರೈತಬಾಂಧವರಿಗೂ, ತಾಯಂದಿರಿಗೂ ನಮಸ್ಕಾರ. ಯೋಜನೆಗಳ ಬಗೆಗೆ ಮಾತನಾಡಲು ನನಗಿಂತ ಚೆನ್ನಾಗಿ ತಿಳಿದವರು ಈ ಸಭೆಯಲ್ಲಿದ್ದಾರೆ. ನಾನು ಒಂದು ಪದವನ್ನು ಕುರಿತು ಕೆಲವು ಮಾತುಗಳನ್ನು ಹೇಳಬಯಸುತ್ತೇನೆ. ಅದು ಇಂಗ್ಲಿಷಿನ ಪದ. ಆದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕನ್ನಡ ಮನೆಮಾತಿನವರೂ ತೆಲುಗು ಮನೆಮಾತಿನವರೂ ಅದನ್ನು ತಮ್ಮದೆಂಬಂತೆಯೇ ಬಳಸುತ್ತಾರೆ. ಆ ಪದ ‘ಡೆವಲಪ್‌ಮೆಂಟ್’.

‘ನಮ್ಮೂರು ಇನ್ನೂ ಡೆವಲಪ್ ಆಗಿಲ್ಲ’ ಎಂದು ಒಬ್ಬರು ಹೇಳಿದರೆ ಅವರ ಊರಿಗೆ ರಸ್ತೆಯಿಲ್ಲ, ಚರಂಡಿಯಿಲ್ಲ ಎಂದರ್ಥ. ‘ದೇವನಹಳ್ಳಿ ಕಡೆ ತುಂಬ ಡೆವಲಪ್ ಆಗಿದೆ’ ಎಂದರೆ ಅಲ್ಲಿ ಭೂಮಿಯ ಬೆಲೆ ಏರಿದೆ ಎಂದರ್ಥ. ‘ಜಮೀನು ಡೆವಲಪ್ ಮಾಡಿದ್ದಾರೆ’ ಎಂದರೆ ಹೊಲವನ್ನು ಸಮ ಮಾಡಿ, ಕಲ್ಲು ನೆಟ್ಟು, ನಿವೇಶನಗಳಾಗಿ ವಿಂಗಡಿಸಿದ್ದಾರೆ ಎಂದರ್ಥ. ‘ಹುಡುಗ ಡೆವಲಪ್ ಆಗಿದ್ದಾನೆ’ ಎಂದರೆ ಅವನ ಕೈಯಲ್ಲಿ ನಾಲ್ಕು ಕಾಸು ಓಡಾಡುತ್ತಿದೆ. ವೈದ್ಯರು ‘ಇನ್‌ಫೆಕ್ಷನ್ ಡೆವಲಪ್ ಆಗಿದೆ’ ಎಂದರಂತೂ ಮನೆಯವರ ಎದೆ ಝಲ್ಲೆನ್ನುತ್ತದೆ. ಕೊರತೆಯನ್ನು ನೀಗುವುದು, ಬೆಲೆ ಏರುವುದು, ಹೊಲ ಹೊಲವಾಗಿ ಉಳಿಯದಿರುವುದು, ರೋಗ ಬಲಿಯುವುದು, ಇವೆಲ್ಲಕ್ಕೂ ಒಂದೇ ಮಾತು ಸಲ್ಲುತ್ತದೆ. ಮನೆಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಅದೇ ಮಾತು ಸರಕಾರಿ ಆದೇಶದಲ್ಲೋ ಗ್ರಾಮಸಭೆಯ ನಡವಳಿ ಪುಸ್ತಕದಲ್ಲೋ ಕುಳಿತಾಗ ತೊಂದರೆ ಆರಂಭವಾಗುತ್ತದೆ. ಅಲ್ಲಿ ಒಂದು ಅರ್ಥಕ್ಕೆ ಕೈ ಎತ್ತಿದವರು ಇನ್ನೊಂದು ಅರ್ಥವನ್ನು ಪಡೆಯಬೇಕಾಗುತ್ತದೆ.

ಮೊದಲು ಪದದ ಹುಟ್ಟನ್ನು ನೋಡೋಣ. ‘ಡೆವಲಪ್’ ಎಂಬುದು ಫ್ರೆಂಚ್ ಭಾಷೆಯಿಂದ ಬಂದದ್ದು. ಸುತ್ತಿದ್ದನ್ನು ಬಿಚ್ಚುವುದು ಅದರ ಮೂಲಾರ್ಥ. ಸುತ್ತಿ ಮುಚ್ಚುವ ‘ಎನ್ವಲಪ್’ ಅದರ ವಿರುದ್ಧ ಪದ. ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ರೀಲನ್ನು ‘ಡೆವಲಪ್’ ಮಾಡುತ್ತಿದ್ದರು. ಆಗಲೇ ಮೂಡಿ ಅಡಗಿದ್ದ ಚಿತ್ರವನ್ನು ಕಾಣುವಂತೆ ಮಾಡುವುದಷ್ಟೇ ಅಲ್ಲಿನ ಕೆಲಸ. ಶಿಡ್ಲಘಟ್ಟದವರಿಗೆ ಈ ಮೂಲಾರ್ಥವನ್ನು ವಿವರಿಸಬೇಕಾಗಿಲ್ಲ. ರೇಷ್ಮೆಗೂಡಿನಿಂದ ನೂಲು ತೆಗೆಯುವವರನ್ನು ನಾವು ‘ನೂಲು ಬಿಚ್ಚಾಣಿಕೆದಾರರು’ ಎಂದೇ ಕರೆಯುತ್ತೇವೆ.

ಆದರೆ ರೇಷ್ಮೆಗೂಡು ಎರಡು ರೀತಿಯಲ್ಲಿ ತೆರೆದುಕೊಳ್ಳಬಲ್ಲದು ಎಂಬುದನ್ನು ಗಮನಿಸಬೇಕು. ಹಾಗೆಯೇ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ಆ ಗೂಡಿನಿಂದ ಎಳೆಯನ್ನು ಒಂದೇ ಸಮನೆ ಬಿಚ್ಚಲು ಬರುವುದಿಲ್ಲ. ಬಿಸಿನೀರಿನಲ್ಲಿ ಬೇಯಿಸಿದರೆ ನೂಲು ಅಖಂಡವಾಗಿ ಸಿಗುತ್ತದೆ. ಒಳಗಿನ ಕೋಶ ಸಾಯುತ್ತದೆ. ಎರಡೂ ಬಿಚ್ಚುವಿಕೆಯೇ. ಒಂದು ಹುಳುವಿನ ಬದುಕಿನ ದೃಷ್ಟಿಯಿಂದ, ಇನ್ನೊಂದು ನೂಲಿನ ದೃಷ್ಟಿಯಿಂದ. ರೇಷ್ಮೆಯಿಂದ ಬದುಕುವ ಸಾವಿರಾರು ಮನೆಗಳಿರುವ ಈ ಸೀಮೆಯಲ್ಲಿ ನಿಂತು ನಾನು ನೂಲು ತೆಗೆಯುವುದು ತಪ್ಪೆಂದು ಹೇಳುತ್ತಿಲ್ಲ. ಯಾರ ದೃಷ್ಟಿಯಿಂದ ಬಿಚ್ಚುತ್ತಿದ್ದೇವೆಂದು ನೂಲು ತೆಗೆಯುವವರಿಗೆ ಸ್ಪಷ್ಟವಾಗಿ ಗೊತ್ತಿರುತ್ತದೆ, ಅವರು ಅದನ್ನು ಹುಳುವಿನ ಏಳಿಗೆಯೆಂದು ಕರೆಯುವುದಿಲ್ಲ. ಇಷ್ಟನ್ನು ಮಾತ್ರ ನೆನಪಿನಲ್ಲಿಡೋಣ.

ಇನ್ನು ಕನ್ನಡದತ್ತ ಬರೋಣ. ನಮ್ಮಲ್ಲಿ ಈ ಭಾವಕ್ಕೆ ಪದಗಳ ಬಡತನವಿರಲಿಲ್ಲ. ಏಳಿಗೆ, ಉದ್ಧಾರ, ಅಭ್ಯುದಯ, ಪ್ರಗತಿ, ವಿಕಾಸ, ಸಂವರ್ಧನೆ, ಅಭಿವೃದ್ಧಿ ಎಲ್ಲವೂ ಇದ್ದವು. ಇದೇ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ 1911ರಲ್ಲಿ ಮೈಸೂರು ಸಂಸ್ಥಾನದಲ್ಲಿ ಆರಂಭವಾದ ಎಕನಾಮಿಕ್ ಕಾನ್ಫರೆನ್ಸಿಗೆ ಕನ್ನಡದಲ್ಲಿ ‘ಸಂಪದಭ್ಯುದಯ ಸಮಾಜ’ ಎಂಬ ಹೆಸರಿತ್ತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಅದರ ಕೆಲಸವನ್ನು ಹಂಚಲಾಗಿತ್ತು. ಅವರ ಕೈಗಾರಿಕಾ ದೃಷ್ಟಿಯನ್ನು ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ಯಾವುದರ ಅಭ್ಯುದಯ ಎಂಬುದನ್ನು ಆ ಹೆಸರೇ ಹೇಳುತ್ತಿತ್ತು: ಸಂಪತ್ತಿನ ಅಭ್ಯುದಯ. ಅದಕ್ಕೆ ಒಪ್ಪಿಗೆ ಕೊಡುವವರಿಗೂ ವಿರೋಧಿಸುವವರಿಗೂ ವಿಷಯ ಎದುರಿಗಿತ್ತು.

ಆಮೇಲೆ ಮಾತು ಬದಲಾಯಿತು. 1949ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ತಮ್ಮ ಅಧಿಕಾರ ಸ್ವೀಕಾರದ ಭಾಷಣದಲ್ಲಿ ಲೋಕದ ಬಹುಭಾಗವನ್ನು ‘ಅಂಡರ್‌ಡೆವಲಪ್ಡ್’ ಪ್ರದೇಶವೆಂದು ಕರೆದರು. ಅಲ್ಲಿಂದ ಮುಂದೆ ಏಷ್ಯಾ, ಆಫ್ರಿಕ, ಲ್ಯಾಟಿನ್ ಅಮೆರಿಕಗಳ ಕೋಟ್ಯಂತರ ಜನ ಒಂದೇ ದಾರಿಯಲ್ಲಿ ಹಿಂದೆ ಬಿದ್ದವರೆಂಬ ಭಾವನೆ ಬಲಿಯಿತು. ನಮ್ಮ ದೇಶದಲ್ಲಿ 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಗೆ ‘ಬಿಡಿಒ’ ಬಂದರು. ಇಂದು ಪಂಚಾಯಿತಿಯಲ್ಲಿ ‘ಪಿಡಿಒ’ ಇದ್ದಾರೆ. ಎರಡರ ನಡುವಿನ ‘ಡಿ’ ಅಕ್ಷರ ಇದೇ ಮಾತು. ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕಗಳನ್ನಿಟ್ಟುಕೊಂಡು 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಆ ವರದಿಯಿಂದ ಬಡ ತಾಲ್ಲೂಕುಗಳು ನ್ಯಾಯವಾದ ಪಾಲು ಕೇಳಲು ಆಧಾರ ದೊರೆಯಿತು, ಅದನ್ನು ಮರೆಯಬಾರದು. ಆದ್ದರಿಂದ ಈ ಪದವನ್ನೇ ಕೈಬಿಡಬೇಕೆಂಬ ವಾದ ನನ್ನದಲ್ಲ. ಶಾಲೆ, ಆಸ್ಪತ್ರೆ, ಕುಡಿಯುವ ನೀರು ಬೇಕೆನ್ನುವವರು ಯಾವ ಪದ ಬಳಸಿದರೂ ಅವರ ಬೇಡಿಕೆ ನ್ಯಾಯವಾದದ್ದೇ.

ಅಭಿವೃದ್ಧಿ ಎಂಬ ಪದದ ಒಳಗೆ ‘ವೃದ್ಧಿ’ಯಿದೆ. ವೃದ್ಧಿ ಎಂದರೆ ಬೆಳೆಯುವುದು. ಬೆಳೆದು ಮಾಗಿದವರನ್ನು ‘ವೃದ್ಧ’ರೆನ್ನುವುದೂ ಅದೇ ಧಾತುವಿನಿಂದ. ಸಂಸ್ಕೃತದಲ್ಲಿ ವೃದ್ಧಿ ಎಂಬುದಕ್ಕೆ ಕೊಟ್ಟ ಹಣದ ಮೇಲೆ ಬರುವ ಲಾಭ ಎಂಬ ಅರ್ಥವೂ ಇದೆ. ಅದರ ತದ್ಭವವೇ ನಮ್ಮ ‘ಬಡ್ಡಿ’. ರೈತನಿಗೆ ಬಡ್ಡಿಯ ಲೆಕ್ಕ ಗೊತ್ತಿದೆ. ಬಡ್ಡಿಯಲ್ಲಿ ಸಂಸಾರ ನಡೆಸುವುದು ಬೇರೆ, ಅಸಲನ್ನು ತಿನ್ನುವುದು ಬೇರೆ. ಒಬ್ಬರಿಗೆ ಬಡ್ಡಿ ಬಂತೆಂದರೆ ಇನ್ನೊಬ್ಬರು ಕಟ್ಟಿದ್ದಾರೆಂದೇ ಲೆಕ್ಕ. ಅಭಿವೃದ್ಧಿಯ ಮಾತು ಬಂದಾಗ ಈ ಲೆಕ್ಕವನ್ನು ನಾವು ಕೇಳುವುದಿಲ್ಲ. ಅಸಲು ಎಷ್ಟು, ಬಡ್ಡಿ ಎಷ್ಟು, ಕಟ್ಟುವವರು ಯಾರು?

ಈ ಪ್ರಶ್ನೆಗಳನ್ನು ನಮ್ಮ ಅಂತರ್ಜಲಕ್ಕೆ ಹಾಕಿ ನೋಡೋಣ. ಈ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳು ಹುಟ್ಟುತ್ತವೆ. ಪಾಲಾರ್ ಹುಟ್ಟುವುದು ಚಿಂತಾಮಣಿಯ ಕಡೆ. ಹುಟ್ಟಿದ ಊರಲ್ಲಿ ಅವೆಲ್ಲ ಮಳೆಗಾಲದ ಹಳ್ಳಗಳಷ್ಟೇ. ಹಿರಿಯರು ಮಳೆಯ ನೀರನ್ನು ಕೆರೆಯಿಂದ ಕೆರೆಗೆ ಹರಿಸಿ ಹಿಡಿದಿಟ್ಟರು. ಏರಿ, ತೂಬು, ಕೋಡಿ, ನೀರು ಹಂಚಲು ನೀರಗಂಟಿ, ಕೆರೆಯ ಕೆಳಗೆ ಕಪಿಲೆ ಹೊಡೆಯುವ ತೆರೆದ ಬಾವಿ ಎಂಬ ವ್ಯವಸ್ಥೆಯೇ ಇತ್ತು. ಆ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿ ಬಂತು. ನೂರು ಅಡಿಯಿಂದ ಹೊರಟದ್ದು ಸಾವಿರ ಅಡಿಯನ್ನು ದಾಟಿತು. ಕೊಳವೆಬಾವಿ ಕೊರೆದ ನಂತರ ಗಾಳಿಯೊತ್ತಡದಿಂದ ಕೆಸರು, ಕಲ್ಲಪುಡಿ ಹೊರಹಾಕಿ ನೀರಿನ ದಾರಿ ತೆರವು ಮಾಡುವುದಕ್ಕೂ ಎಂಜಿನಿಯರರ ಪುಸ್ತಕಗಳಲ್ಲಿ ‘ಡೆವಲಪ್‌ಮೆಂಟ್’ ಎಂದೇ ಹೆಸರು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಭೂಮಿಗೆ ಇಂಗಿ ದೊರೆಯುವ ನೀರೆಷ್ಟು, ಮೇಲೆತ್ತುವ ನೀರೆಷ್ಟು ಎಂಬುದನ್ನು ಶೇಕಡಾ ಲೆಕ್ಕದಲ್ಲಿ ಹೇಳುವ ಕ್ರಮ ಸರಕಾರದಲ್ಲಿದೆ. 1997ರ ಅಂತರ್ಜಲ ಅಂದಾಜು ಸಮಿತಿಯ ಪದ್ಧತಿಯಲ್ಲಿ ಈ ಪ್ರಮಾಣದ ಹೆಸರು ‘ಅಂತರ್ಜಲ ಅಭಿವೃದ್ಧಿಯ ಹಂತ’ ಎಂದಿತ್ತು. ಮೂಲದಲ್ಲಿ ಅದೇ ಇಂಗ್ಲಿಷ್ ಪದ. ಇಂಗಿದ ನೀರಿನ ಅರ್ಧವನ್ನು ಎತ್ತಿದರೆ ಅಭಿವೃದ್ಧಿ ಶೇಕಡಾ 50. ಎಲ್ಲವನ್ನೂ ಎತ್ತಿದರೆ ಶೇಕಡಾ 100. ಇಂಗಿದ್ದಕ್ಕಿಂತ ಹೆಚ್ಚು ಎತ್ತಿದರೆ ಅಭಿವೃದ್ಧಿ ನೂರನ್ನೂ ಮೀರುತ್ತಿತ್ತು! ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಬಹುಕಾಲದಿಂದ ನೂರನ್ನು ಮೀರಿದ, ಅಂದರೆ ಅತಿಯಾಗಿ ನೀರೆತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿವೆ. ಆ ಕಾಗದದ ಪ್ರಕಾರ ನೀರಿಲ್ಲದ ಈ ತಾಲ್ಲೂಕುಗಳು ಅಂತರ್ಜಲದಲ್ಲಿ ಅತ್ಯಂತ ‘ಅಭಿವೃದ್ಧಿ’ ಹೊಂದಿದ್ದವು. 2015ರ ಪರಿಷ್ಕೃತ ಪದ್ಧತಿಯಲ್ಲಿ ಹೆಸರನ್ನು ತಿದ್ದಿ, ಅದನ್ನು ‘ಅಂತರ್ಜಲ ತೆಗೆಯುವಿಕೆಯ ಹಂತ’ ಎಂದು ಕರೆದರು. ಲೆಕ್ಕದ ಮೂಲ ವಿಚಾರ ಅದೇ ಉಳಿಯಿತು, ಕ್ರಿಯಾಪದ ಮಾತ್ರ ನಿಜವಾಯಿತು. ತೆಗೆಯುತ್ತಿದ್ದೇವೆ ಎಂದೊಡನೆ ಯಾರು ತೆಗೆಯುತ್ತಿದ್ದಾರೆ, ಎಷ್ಟು ಉಳಿದಿದೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಅಭಿವೃದ್ಧಿ ಎಂದಾಗ ಅದು ಏಳುತ್ತಿರಲಿಲ್ಲ.

ರೈತನ ಭಾಷೆಯಲ್ಲಿ ಹೇಳುವುದಾದರೆ, ವರ್ಷದ ಮಳೆಯಿಂದ ಇಂಗಿದ ನೀರು ಬಡ್ಡಿ. ಕಲ್ಲಿನ ಬಿರುಕುಗಳಲ್ಲಿ ಕಾಲಾಂತರದಿಂದ ಸೇರಿದ್ದು ಅಸಲು. ನೂರನ್ನು ಮೀರಿದ್ದೆಂದರೆ ಅಸಲಿಗೆ ಕೈಯಿಟ್ಟದ್ದು. ಅದರ ಬೆಲೆ ಆಳದ ನೀರಿನಲ್ಲಿ ಕರಗಿ ಬರುವ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಮೀರಿದ ನೀರು ಮಕ್ಕಳ ಹಲ್ಲಿನ ಮೇಲೆ ಕಲೆ ಬಿಡುತ್ತದೆ, ವರ್ಷಗಟ್ಟಲೆ ಕುಡಿದವರ ಮೂಳೆಯನ್ನು ಕೆಡಿಸುತ್ತದೆ. ಇಂದು ಹಳ್ಳಿಯ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡಿದು ನಾಣ್ಯ ಹಾಕಿ ನಿಲ್ಲುವವರು ಆ ಬಡ್ಡಿಯನ್ನು ಕಟ್ಟುತ್ತಿರುವವರು. ಹೆಚ್ಚು ನೀರೆತ್ತಿದವರು ಅವರೇ ಆಗಿರಬೇಕೆಂದೇನೂ ಇಲ್ಲ.

ಕನ್ನಡ ವ್ಯಾಕರಣ ಇಲ್ಲಿ ನಮಗೆ ಒಂದು ಸಹಾಯ ಮಾಡುತ್ತದೆ. ಇಂಗ್ಲಿಷಿನಲ್ಲಿ ತಾನಾಗಿ ಬೆಳೆಯುವುದಕ್ಕೂ ಇನ್ನೊಬ್ಬರು ಬೆಳೆಸುವುದಕ್ಕೂ ‘ಡೆವಲಪ್’ ಎಂಬ ಒಂದೇ ಕ್ರಿಯಾಪದ ಸಾಕು. ಕನ್ನಡದಲ್ಲಿ ಹಾಗಲ್ಲ. ಬೆಳೆ, ಬೆಳೆಸು, ಹರಿ, ಹರಿಸು, ಏಳು, ಎಬ್ಬಿಸು ಎಂದು ಎರಡನ್ನೂ ಬೇರೆ ಮಾಡುತ್ತೇವೆ. ಸರಕಾರಿ ಕನ್ನಡ ಇದನ್ನು ‘ಅಭಿವೃದ್ಧಿಪಡಿಸಲಾಗುವುದು’ ಎಂದು ಬರೆಯುತ್ತದೆ. ಇದರಲ್ಲಿ ಎರಡು ವಿಷಯಗಳಿವೆ. ‘ಪಡಿಸು’ ಎಂದರೆ ಅನುಭವಿಸುವಂತೆ ಮಾಡುವುದು. ಸಂತೋಷಪಡಿಸು ಎನ್ನುತ್ತೇವೆ, ತೊಂದರೆಪಡಿಸು ಎಂದೂ ಎನ್ನುತ್ತೇವೆ. ಇನ್ನು ‘ಲಾಗುವುದು’ ಎಂಬಲ್ಲಿ ಮಾಡುವವರೇ ಮಾಯವಾಗುತ್ತಾರೆ.

ಬೆಳೆಯುವುದಕ್ಕೂ ಬೆಳೆಸುವುದಕ್ಕೂ ಇರುವ ಅಂತರ ಹುಳು ಮೇಯಿಸುವ ಮನೆಯವರಿಗೆ ತಿಳಿದದ್ದೇ. ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ರೇಷ್ಮೆಹುಳುವಿನ ತೂಕ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚುತ್ತದೆ. ಇಷ್ಟು ವೇಗದ ಬೆಳವಣಿಗೆಯ ನಡುವೆಯೂ ಅದು ನಾಲ್ಕು ಬಾರಿ ‘ಜ್ವರ’ಕ್ಕೆ ಕೂರುತ್ತದೆ. ಆಗ ಸೊಪ್ಪು ಮುಟ್ಟುವುದಿಲ್ಲ, ಅಲುಗುವುದಿಲ್ಲ. ಮನೆಯವರು ಸೊಪ್ಪು ನಿಲ್ಲಿಸಿ, ಸುಣ್ಣದ ಪುಡಿ ಉದುರಿಸಿ, ಪೊರೆ ಕಳಚುವವರೆಗೆ ಕಾಯುತ್ತಾರೆ. ಹಣ್ಣಾದ ಮೇಲೆ ಚಂದ್ರಿಕೆಗೆ ಬಿಡುತ್ತಾರೆ. ಆಮೇಲೆ ಅದು ತಿನ್ನುವುದೇ ಇಲ್ಲ. ಬೆಳೆಸುವವರ ಜಾಣತನವೆಲ್ಲ ಬೆಳೆಯುವ ಜೀವದ ನಿಲುಗಡೆಯನ್ನು ಗೌರವಿಸುವುದರಲ್ಲಿದೆ. ನಮ್ಮ ಯೋಜನೆಗಳ ‘ಅಭಿವೃದ್ಧಿ’ಯಲ್ಲಿ ಮಾತ್ರ ನಿಲುಗಡೆಗೆ ಜಾಗವಿಲ್ಲ.

ಭೂಮಿಯ ವಿಷಯದಲ್ಲಿ ಪದದ ಅರ್ಥ ಇನ್ನೂ ಒಂದು ಹೆಜ್ಜೆ ಸರಿಯುತ್ತದೆ. 1966ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ ಹೆಸರಿನಲ್ಲೇ ಅಭಿವೃದ್ಧಿಯಿದೆ. ಇಲ್ಲಿ ಅದರ ಅರ್ಥ ಜಮೀನನ್ನು ಸ್ವಾಧೀನಪಡಿಸಿಕೊಂಡು ಕೈಗಾರಿಕೆಗೆ ಅಣಿಗೊಳಿಸುವುದು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಅರ್ಥ ಉತ್ತರಕ್ಕೆ ನಮ್ಮತ್ತ ನಡೆದು ಬಂದಿದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕುಳಿತರು; 2025ರ ಜುಲೈ 15ರಂದು ಸರಕಾರ ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಹೋಬಳಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಕರೆಯ ಪ್ರಸ್ತಾವ ಬಂದಾಗ ಕೊಡುತ್ತೇವೆಂದವರೂ ಇದ್ದರು, ಕೊಡುವುದಿಲ್ಲವೆಂದವರೂ ಇದ್ದರು. ಕೊಡುತ್ತೇವೆಂದವರನ್ನು ನಾವು ಹಳಿಯಬಾರದು. ಸಾವಿರ ಅಡಿಯಲ್ಲೂ ನೀರು ಸಿಗದೆ ಸಾಲದಲ್ಲಿ ಮುಳುಗಿದವನಿಗೆ ಜಮೀನಿನ ಬೆಲೆಯೇ ಉಳಿದ ಬೆಳೆ. ನೀರಿನ ಅಸಲು ಮುಗಿದದ್ದರಿಂದ ಭೂಮಿಯ ಅಸಲನ್ನು ಮಾರುವ ಸ್ಥಿತಿ ಬಂದಿದೆ. ಒಂದು ‘ಡೆವಲಪ್‌ಮೆಂಟ್’ ಇನ್ನೊಂದಕ್ಕೆ ದಾರಿ ಮಾಡಿಕೊಟ್ಟಿತು.

ಈಗ ಘಟ್ಟದ ಗೆಳೆಯರಿಗೆ ಸಂಬಂಧಿಸಿದ ಮಾತು. ಶಾಶ್ವತ ನೀರಾವರಿಗಾಗಿ ಈ ಸೀಮೆಯ ಜನ ದಶಕಗಳ ಕಾಲ ಹೋರಾಡಿದ್ದಾರೆ. ಉತ್ತರವಾಗಿ ಎರಡು ನೀರುಗಳು ಬಂದವು. ಒಂದು ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆ. ನಗರದ ತ್ಯಾಜ್ಯ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ 65 ಕೆರೆಗಳಿಗೆ ತುಂಬುವುದು ಅದರ ಉದ್ದೇಶ. ಬಹಳ ವರ್ಷಗಳ ನಂತರ ಕೆರೆಯಲ್ಲಿ ನೀರು ಕಂಡವರ ಸಂತೋಷ ಸುಳ್ಳಲ್ಲ. ಮೂರನೇ ಹಂತದ ಶುದ್ಧೀಕರಣವಾಗದೆ ಆ ನೀರು ನಮ್ಮ ಬಾವಿಗಿಳಿಯಬಾರದೆನ್ನುವವರ ಆತಂಕವೂ ಸುಳ್ಳಲ್ಲ. ಇನ್ನೊಂದು ಎತ್ತಿನಹೊಳೆ. ಸಕಲೇಶಪುರದ ಕಡೆಯ ಹಳ್ಳಗಳಿಂದ 24.01 ಟಿಎಂಸಿ ನೀರನ್ನು ಮೇಲೆತ್ತಿ ಪೂರ್ವಕ್ಕೆ ತಿರುಗಿಸುವ ಆ ಯೋಜನೆಗೆ 2014ರಲ್ಲಿ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆಯಾಯಿತು. 2012ರಲ್ಲಿ 8,323 ಕೋಟಿ ರೂಪಾಯಿ ಇದ್ದ ಅಂದಾಜು 2014ರಲ್ಲಿ 12,912 ಕೋಟಿಗೂ, 2023ರಲ್ಲಿ 23,251 ಕೋಟಿಗೂ ಏರಿತು. ಆ ಹಳ್ಳಗಳಲ್ಲಿ ಸಿಗುವ ನೀರು ಒಂಬತ್ತೂವರೆ ಟಿಎಂಸಿಯ ಆಸುಪಾಸಿನದು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಲೆಕ್ಕ ಹಾಕಿತ್ತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆತಾಗ ಶಂಕುಸ್ಥಾಪನೆಯಾಗಿ ಹತ್ತು ವರ್ಷ ಸಂದಿತ್ತು. ಆಗಲೂ ಆ ನೀರು ಈ ನಾಲ್ಕು ತಾಲ್ಲೂಕುಗಳನ್ನು ಮುಟ್ಟಿರಲಿಲ್ಲ.

ಇಲ್ಲಿ ‘ಡೆವಲಪ್‌ಮೆಂಟ್’ ಎಂಬ ಪದ ಒಂದು ವಿಚಿತ್ರ ಕೆಲಸ ಮಾಡಿತು. ಘಟ್ಟದಲ್ಲಿ ಕಾಡು ಕಡಿದದ್ದೂ ಅಭಿವೃದ್ಧಿ, ಬಯಲಿಗೆ ನೀರು ಬರುವುದೂ ಅಭಿವೃದ್ಧಿ ಎಂದಾಗ, ಕಾಡು ಉಳಿಯಲಿ ಎಂದವರು ಬಯಲಿನ ಬಾಯಾರಿಕೆಯ ವಿರೋಧಿಗಳಂತೆ ಕಂಡರು. ನೀರು ಕೊಡಿ ಎಂದವರು ಕಾಡಿನ ವೈರಿಗಳಂತೆ ಕಂಡರು. ಎರಡು ಕಡೆಯ ಸಂತ್ರಸ್ತರು ಪರಸ್ಪರ ಎದುರಾದರು. ಪದವನ್ನು ಬದಿಗಿಟ್ಟು ಕ್ರಿಯೆಗಳನ್ನು ಮಾತ್ರ ಸಾಲಾಗಿ ಹೇಳಿ ನೋಡಿ: ಕಾಡಿನೊಳಗೆ ಕಾಲುವೆ ತೋಡುವುದು, ಹಳ್ಳಕ್ಕೆ ಅಡ್ಡಗಟ್ಟುವುದು, ನೀರನ್ನು ಮೇಲೆತ್ತುವುದು, ಅದಕ್ಕೆ ವಿದ್ಯುತ್ತು ಸುಡುವುದು, ಕೆರೆಗೆ ತುಂಬುವುದು, ನಲ್ಲಿಗೆ ಕೊಡುವುದು. ಕೊನೆಯ ಎರಡನ್ನು ಇಲ್ಲಿರುವ ಯಾರೂ ವಿರೋಧಿಸುವುದಿಲ್ಲ. ಮೊದಲಿನ ನಾಲ್ಕಿಲ್ಲದೆ ಕೊನೆಯ ಎರಡು ಎಷ್ಟರಮಟ್ಟಿಗೆ ಸಾಧ್ಯ ಎಂಬ ಪ್ರಶ್ನೆಯನ್ನು ಆಗ ಒಟ್ಟಿಗೆ ಕುಳಿತು ಕೇಳಬಹುದು. ನಮ್ಮ ಕೆರೆಗಳ ಹೂಳೆಷ್ಟು, ಒತ್ತುವರಿಯಾದ ರಾಜಕಾಲುವೆಗಳೆಷ್ಟು, ಬೀಳುವ ಮಳೆಯಲ್ಲಿ ನಿಲ್ಲುವುದೆಷ್ಟು ಎಂಬ ಲೆಕ್ಕ ಅಲ್ಲಿಂದ ಹೊರಡುತ್ತದೆ. ಅಷ್ಟರಿಂದಲೇ ಎಲ್ಲ ಅಗತ್ಯ ತೀರುತ್ತದೆಂದು ನಾನು ಭರವಸೆ ಕೊಡಲಾರೆ. ಆದರೆ ಆ ಲೆಕ್ಕ ಮುಗಿಯುವ ಮೊದಲು ಇನ್ನೊಂದು ಸೀಮೆಯ ಅಸಲಿಗೆ ಕೈಚಾಚುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ಕೊನೆಯದಾಗಿ ಒಂದು ಸಲಹೆ. ಪಂಚಾಯತ್ ರಾಜ್ ಕಾನೂನು ನಮಗೆ ಗ್ರಾಮಸಭೆಯನ್ನು ಕೊಟ್ಟಿದೆ. ಅಲ್ಲಿ ‘ಕೆರೆ ಅಭಿವೃದ್ಧಿ’ ಎಂದು ನಿರ್ಣಯ ಬಂದರೆ, ಹಾಗೆಯೇ ಬರೆಯಲು ಬಿಡಬೇಡಿ. ಹೂಳು ತೆಗೆಯುವುದೇ, ತೂಬು ದುರಸ್ತಿ ಮಾಡುವುದೇ, ಒತ್ತುವರಿ ಬಿಡಿಸುವುದೇ, ಅಥವಾ ಏರಿಯ ಮೇಲೆ ದೀಪ ಹಾಕಿ ಕಲ್ಲುಬೆಂಚು ಇಡುವುದೇ ಎಂದು ಕೇಳಿ. ಉತ್ತರ ಬಂದ ಮೇಲೆ ಆ ಕ್ರಿಯಾಪದವನ್ನೇ ನಡವಳಿಯಲ್ಲಿ ಬರೆಸಿ. ಮಾಡುವವರು ಯಾರೆಂದು ಬರೆಸಿ. ‘ಲಾಗುವುದು’ ಎಂಬುದನ್ನು ಒಪ್ಪಬೇಡಿ. ಯಾರ ಹೊಲಕ್ಕೆ, ಯಾರ ಬಾವಿಗೆ, ಯಾರ ಬಿಂದಿಗೆಗೆ ಎಂದು ಬರೆಸಿ. ಖರ್ಚಿನ ಪಕ್ಕದಲ್ಲಿ ಕಳೆದುಹೋಗುವುದೇನು ಎಂಬುದಕ್ಕೂ ಒಂದು ಸಾಲು ಬಿಡಿಸಿ. ಘಟ್ಟದ ಗೆಳೆಯರೂ ತಮ್ಮ ಪಂಚಾಯಿತಿಗಳಲ್ಲಿ ಹೀಗೆಯೇ ಮಾಡಲಿ. ಎರಡು ಕಡೆಯ ಪುಸ್ತಕಗಳನ್ನು ವರ್ಷಕ್ಕೊಮ್ಮೆ ಅಕ್ಕಪಕ್ಕ ಇಟ್ಟು ಓದಿದರೆ, ಯಾರ ಬಡ್ಡಿಯನ್ನು ಯಾರು ಕಟ್ಟುತ್ತಿದ್ದಾರೆಂಬುದು ನಮಗೇ ತಿಳಿಯುತ್ತದೆ. ಆ ಓದಿಗೆ ನಾಲ್ಕು ತಾಲ್ಲೂಕುಗಳವರ ಪರವಾಗಿ ನಿಮ್ಮನ್ನು ಈಗಲೇ ಆಹ್ವಾನಿಸುತ್ತಿದ್ದೇನೆ.